ಖಾಲಿ ಕಂಬ

ಬೆಳಿಗ್ಗೆ ಏಳಕ್ಕೆ ಪಾಳಿ ಹಿಡಿಯಲು ನರ್ಸ್ ಲಿಟಿಯಾ ಐಸಿಯು ಬಾಗಿಲು ದಾಟಿ ಬಂದಾಗ ಆರನೇ ಮಂಚದ ಮೇಲಿದ್ದ ವಾಗಿಯಾನ ಎರಡೂ ಮಣಿಕಟ್ಟುಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಕಂಬಿಗೆ ಬಿಗಿದಿದ್ದರು. ಹಿಂದಿನ ದಿನ ಸಂಜೆ ಅವಳು ಮನೆಗೆ ಹೊರಟಾಗ ಅದೇ ಕೈ ಎತ್ತಿ ಅವನು ಅವಳನ್ನು ಬೀಳ್ಕೊಟ್ಟಿದ್ದ. ಹದಿಮೂರು ದಿನ ಗಂಟಲಲ್ಲಿ ಕೊಳವೆ ಇಟ್ಟುಕೊಂಡು, ಮೈಮೇಲೆ ಎಚ್ಚರವಿಲ್ಲದೆ, ಯಂತ್ರ ಊದಿದ ಗಾಳಿಯಲ್ಲಿ ಬದುಕಿದ್ದ ಮನುಷ್ಯ ಕೊಳವೆ ತೆಗೆದ ಮೇಲೆ ಆಡಿದ ಮೊದಲ ಮಾತು ಟೀ ಇದೆಯೇ ಎಂಬುದು. ಇಡೀ ಘಟಕ ನಕ್ಕಿತ್ತು. ಈಗ ಅವನು ಕಟ್ಟಿದ ಕೈಗಳನ್ನು ಜಗ್ಗುತ್ತ, ಮೊಣಕಾಲುಗಳನ್ನು ಹೊಟ್ಟೆಗೆ ಎಳೆದುಕೊಳ್ಳುತ್ತ, ಮತ್ತೆ ಒದೆಯುತ್ತ ಮಲಗಿದ್ದ. ಮಾನಿಟರಿನಲ್ಲಿ ಎದೆಬಡಿತ ನೂರ ಮೂವತ್ತೆಂಟು ತೋರಿಸುತ್ತಿತ್ತು.

ರಾತ್ರಿ ಪಾಳಿಯ ನರ್ಸ್ ನಡೆದದ್ದನ್ನು ಒಪ್ಪಿಸಿದಳು. ಎರಡು ಗಂಟೆಯಿಂದ ಶುರುವಾಯಿತಂತೆ. ಬೆವರು, ನಡುಕ, ವಾಂತಿ, ಏನೇನೋ ಮಾತು. ಆಮ್ಲಜನಕದ ಮುಖವಾಡವನ್ನು ಕಿತ್ತು ಬಿಸಾಡಿದನಂತೆ, ಅವಳ ಮೇಲೆ ಕೈ ಬೀಸಿದನಂತೆ. ಡಾಕ್ಟರು ಬಂದು ನೋಡಿ, ಕುಡುಕರಿಗೆ ಕುಡಿತ ತಪ್ಪಿದಾಗ ಆಗುವ ಹಾಗೇ ಆಗಿದೆ ಎಂದು ಎರಡು ಸಲ ನಡುಕ ಅಡಗಿಸುವ ಡಯಾಜಿಪಾಮ್ ಕೊಡಿಸಿದ್ದರು. ಮನುಷ್ಯ ಮಂಕಾದನೇ ಹೊರತು ನೆಮ್ಮದಿಯಾಗಲಿಲ್ಲ. ಉಸಿರು ಈಗ ದಣಿಯುತ್ತಿದೆ. ಹನ್ನೊಂದಕ್ಕೆ ದೊಡ್ಡ ಡಾಕ್ಟರು ರೌಂಡ್ಸ್ ಬರುವ ಹೊತ್ತಿಗೂ ಹೀಗೇ ಇದ್ದರೆ ಮತ್ತೆ ಪ್ರಜ್ಞೆ ತಪ್ಪಿಸಿ ಕೊಳವೆ ಹಾಕುವುದು, ಎರಡು ದಿನ ಬಿಟ್ಟು ಕುತ್ತಿಗೆಗೆ ತೂತು ಕೊರೆಯುವುದು ಎಂದು ತೀರ್ಮಾನವಾಗಿತ್ತು.

"ಮೇಲಿನ ದ್ವೀಪದವರಲ್ವಾ" ಎಂದಳು ರಾತ್ರಿಯವಳು, ಬ್ಯಾಗು ಹೆಗಲಿಗೇರಿಸುತ್ತ. "ಹೇಳೋದು ಒಂದು, ಇರೋದು ಇನ್ನೊಂದು."

ಲಿಟಿಯಾ ಕಡತ ಕೈಗೆತ್ತಿಕೊಂಡಳು. ಇಪ್ಪತ್ತನಾಲ್ಕು ವರ್ಷದ ಹಿಂದೆ ಫಿಜಿಯಿಂದ ಕ್ವೀನ್ಸ್‌ಲ್ಯಾಂಡಿನ ಈ ಉತ್ತರದ ಊರಿಗೆ ಬಂದಾಗಿನಿಂದ ಇಂಥ ಮಾತಿಗೆ ಉತ್ತರ ಕೊಡದೆ ಇರುವುದನ್ನು ಅವಳು ಕಲಿತಿದ್ದಳು. ಅವಳ ಅಣ್ಣ ಒಮ್ಮೆ ಸಿಡ್ನಿಯಲ್ಲಿ ಕಟ್ಟಡದ ಏಣಿಯಿಂದ ಬಿದ್ದು ತಲೆ ಒಡೆದುಕೊಂಡಾಗ ಆಸ್ಪತ್ರೆಯವರು ಮೊದಲು ಮೂಸಿದ್ದು ಅವನ ಬಾಯಿಯನ್ನು. ಅಂಥವಳು ಈ ವಾಗಿಯಾ ಬಂದ ಮೊದಲ ವಾರ ಅವನ ಕಡತದಲ್ಲಿ 'ಕುಡಿತ ಇದೆ' ಎಂದು ಓದಿ, ಹೌದಿರಬೇಕು ಅಂದುಕೊಂಡು ಪುಟ ತಿರುಗಿಸಿದ್ದಳು. ಆ ನೆನಪು ಈಗ ಅವಳ ಮೈ ಪರಚಿತು.

ಗಾಜಿನ ಗೋಡೆಯ ಪಕ್ಕ ವಾಗಿಯಾನ ಅಕ್ಕ ಕೆಝಾಯ ಕೂತಿದ್ದಳು. ಅರವತ್ತಕ್ಕೆ ಹತ್ತಿರದವಳು, ಹೂವಿನ ಚಿತ್ತಾರದ ದೊಗಲೆ ಅಂಗಿ, ಮಡಿಲಲ್ಲಿ ಮಡಿಸಿಟ್ಟ ಕರವಸ್ತ್ರ. ಇನ್ನೂ ಉತ್ತರಕ್ಕೆ, ಸಮುದ್ರದಾಚೆ ಇರುವ ಬಾಡು ದ್ವೀಪದಿಂದ ವಿಮಾನದಲ್ಲಿ ರೋಗಿಯ ಜೊತೆ ಒಬ್ಬರಿಗೇ ಬರಲು ಬಿಡುತ್ತಾರೆ. ತಮ್ಮನ ಹೆಂಡತಿ ಲೇಯಾ ಐದು ಮಕ್ಕಳನ್ನು ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ಇವಳು ಬಂದಿದ್ದಳು. ಹದಿನಾಲ್ಕು ದಿನವೂ ಆಕೆ ಕುರ್ಚಿಯನ್ನು ತಮ್ಮನ ತಲೆಯ ಹತ್ತಿರವೇ ಹಾಕಿಕೊಂಡು, ಅವನ ಕಿವಿಗೆ ಚರ್ಚಿನ ಹಾಡು ಗುನುಗುತ್ತ ಕೂರುತ್ತಿದ್ದಳು. ಇವತ್ತು ಕುರ್ಚಿ ಗೋಡೆಗೆ ಸರಿದಿತ್ತು. ಆಕೆ ಮಂಚದ ಕಡೆ ನೋಡುತ್ತಲೂ ಇರಲಿಲ್ಲ.

"ಅಕ್ಕಾ, ರಾತ್ರಿಯೆಲ್ಲ ಇಲ್ಲೇ ಇದ್ರಾ?" ಎಂದು ಲಿಟಿಯಾ ಕೇಳಿದಳು.

"ಇದ್ದೆ." ಕೆಝಾಯ ಕರವಸ್ತ್ರವನ್ನು ಬಿಚ್ಚಿ ಮತ್ತೆ ಮಡಿಸಿದಳು. "ತಂಗಿ, ನನ್ನ ತಮ್ಮ ಹತ್ತೊಂಬತ್ತು ವರ್ಷದಿಂದ ಅದನ್ನ ಮುಟ್ಟಿಲ್ಲ ಅಂದ್ಕೊಂಡಿದ್ದೆ ನಾನು."

ಅಂದ್ಕೊಂಡಿದ್ದೆ. ಆ ಒಂದು ಪದ ಲಿಟಿಯಾಳನ್ನು ನಿಲ್ಲಿಸಿತು. ನಿನ್ನೆಯವರೆಗೆ ಈ ಹೆಂಗಸು ತಮ್ಮನ ಬಗ್ಗೆ ಮಾತಾಡಿದ್ದೆಲ್ಲ ಸೂರ್ಯ ಮೂಡುತ್ತಾನೆ ಎನ್ನುವಷ್ಟು ಖಚಿತವಾಗಿತ್ತು. ಹದಿನೈದು ಮಾರು ಆಳಕ್ಕೆ ಮುಳುಗಿ ಲಾಬ್‌ಸ್ಟರ್ ಹಿಡಿದು ಮೇಲೆ ಬರುವವನು, ಚರ್ಚಿನಲ್ಲಿ ಹಾಡು ಎತ್ತಿಕೊಡುವವನು, ಮದುವೆಗೆ ಮುಂಚೆ ಕುಡಿದು ಮೈಮರೆತು ದೋಣಿ ಬಂಡೆಗೆ ಹೊಡೆಸಿದ ದಿನವೇ ಬಾಟಲಿ ಬಿಟ್ಟವನು. ಈಗ ಅಂದ್ಕೊಂಡಿದ್ದೆ.

ಲಿಟಿಯಾ ಬಿಸಿನೀರು ಹಿಡಿದು ಬಂದು ಅವನ ಮೈ ಒರೆಸತೊಡಗಿದಳು. ಇದು ಅವಳ ಹಳೆಯ ಪದ್ಧತಿ. ಪಾಳಿ ಹಿಡಿದ ಕೂಡಲೇ ರೋಗಿಯ ಮೈಯನ್ನು ತಾನೇ ಒರೆಸಬೇಕು. ಕಡತ ಹೇಳದಿದ್ದನ್ನು ಚರ್ಮ ಹೇಳುತ್ತದೆ ಎಂದು ಅವಳ ನಂಬಿಕೆ. ಮುಖ ಒರೆಸುವಾಗ ಅವನು ಆಕಳಿಸಿದ. ದವಡೆ ಕಳಚಿ ಬೀಳುವಂಥ ದೊಡ್ಡ ಆಕಳಿಕೆ. ಕುತ್ತಿಗೆ ಒರೆಸುವಾಗ ಮತ್ತೆ. ಮೂಗಿನಿಂದ ನೀರು ಇಳಿಯುತ್ತಿತ್ತು, ಕಣ್ಣಿನಿಂದಲೂ ಇಳಿಯುತ್ತಿತ್ತು, ಅಳುವವನ ಮುಖವಲ್ಲ ಅದು. ತೋಳು ಒರೆಸುವಾಗ ಅವಳ ಬೆರಳಿಗೆ ಒರಟು ತಾಗಿತು. ಬೆಚ್ಚಗಿನ ಕೋಣೆ, ಬಿಸಿನೀರು, ಆದರೂ ತೋಳಿನ ರೋಮವೆಲ್ಲ ನೆಟ್ಟಗೆ ನಿಂತು ಚರ್ಮ ಪುಕ್ಕ ಕಿತ್ತ ಕೋಳಿಯ ಹಾಗೆ ಗುಳ್ಳೆ ಗುಳ್ಳೆಯಾಗಿತ್ತು. ಮತ್ತೆ ಆಕಳಿಕೆ. ಮೈ ಒರೆಸಿ ಮುಗಿಸುವುದರೊಳಗೆ ಏಳು ಸಲ. ಭೇದಿಯಿಂದ ಹಾಸಿಗೆ ಮಲಿನವಾಗಿತ್ತು, ರಾತ್ರಿಯಿಂದ ನಾಲ್ಕನೇ ಸಲ. ಟಾರ್ಚು ಹಿಡಿದು ನೋಡಿದರೆ ಕಣ್ಣಿನ ಪಾಪೆ ಕತ್ತಲಲ್ಲಿರುವ ಬೆಕ್ಕಿನದರಷ್ಟು ಅಗಲ.

ಅವಳ ಕೈಯಲ್ಲಿದ್ದ ಬಟ್ಟೆ ಬೋಗುಣಿಗೆ ಬಿತ್ತು.

ಅವಳು ಮಂಚದ ತಲೆದೆಸೆಯ ಕಂಬವನ್ನು ನೋಡಿದಳು. ಸಲೈನು, ಔಷಧಿಯ ಪಂಪುಗಳನ್ನೆಲ್ಲ ನೇತುಹಾಕುವ ಉಕ್ಕಿನ ಕಂಬ. ಅದರಲ್ಲಿ ಏನೂ ಇರಲಿಲ್ಲ. ಅದನ್ನು ಖಾಲಿ ಮಾಡಿದವಳು ತಾನೇ.

ಇದು ಆ ಘಟಕದ ಹೆಮ್ಮೆಯ ರೂಢಿ. ಗಂಟಲಿನ ಕೊಳವೆ ತೆಗೆದ ಗಂಟೆಯಲ್ಲೇ ಪಂಪುಗಳನ್ನೆಲ್ಲ ನಿಲ್ಲಿಸಿ, ಬಿಚ್ಚಿ, ಉಗ್ರಾಣಕ್ಕೆ ತಳ್ಳಿ, ಖಾಲಿ ಕಂಬದ ಪಕ್ಕ ರೋಗಿಯನ್ನು ಕೂರಿಸಿ ಮನೆಯವರ ಜೊತೆ ಒಂದು ಫೋಟೋ. ಫೋಟೋಗಳು ಒಳಬಾಗಿಲ ಹತ್ತಿರ ಗೋಡೆ ತುಂಬ ಅಂಟಿದ್ದವು. ಯಾರ ಪಾಳಿಯಲ್ಲಿ ಕಂಬ ಖಾಲಿಯಾಯಿತೋ ಅವರ ಹೆಸರು ಫೋಟೋದ ಕೆಳಗೆ. ಎರಡು ಮೂರು ದಿನ ಮಲಗಿ ಎದ್ದವರಿಗೆ ಅದರಿಂದ ಏನೂ ಕೇಡಿಲ್ಲ. ಹದಿಮೂರು ದಿನ ಹಗಲಿರುಳು ಫೆಂಟನಿಲ್ ಮತ್ತು ಮಿಡಜೋಲಮ್ ಎರಡೂ ಸುರಿದ ಮೈಗೆ? ನೋವು ಮರೆಸುವ ಔಷಧಿಯೊಂದು, ನಿದ್ದೆ ಬರಿಸುವುದೊಂದು. ಎರಡಕ್ಕೂ ಮೈ ಒಗ್ಗಿಹೋಗಿರುತ್ತದೆ. ಒಂದೇ ಬೆಳಿಗ್ಗೆ ಎರಡರ ಗುಂಡಿಯನ್ನೂ ಒತ್ತಿ ನಿಲ್ಲಿಸಿದರೆ ಅದು ಸುಮ್ಮನಿರುತ್ತದೆಯೇ? ನಿನ್ನೆ ಹತ್ತು ಗಂಟೆಗೆ ಆ ಗುಂಡಿ ಒತ್ತಿದ್ದು ಲಿಟಿಯಾಳ ಇದೇ ಬೆರಳು. ಫೋಟೋಗೆ ನಕ್ಕವಳೂ ಇವಳೇ.

ಅವಳಿಗೆ ಬಂದ ಸಿಟ್ಟು ಮೊದಲು ತನ್ನ ಮೇಲೆ. ಅದು ಅಲ್ಲೇ ನಿಲ್ಲಲಿಲ್ಲ.

ಘಟಕದ ನಡುವಿನ ಮೇಜಿನಲ್ಲಿ ಕ್ಯಾಲಮ್ ಕಂಪ್ಯೂಟರಿನ ಮುಂದೆ ಕೂತಿದ್ದ. ಮೂವತ್ತೊಂದು ವರ್ಷದ ಕಿರಿಯ ಡಾಕ್ಟರು, ಕೆಟ್ಟವನಲ್ಲ, ಆದರೆ ಒಮ್ಮೆ ಒಂದು ಹೆಸರು ಇಟ್ಟ ಕಾಯಿಲೆಯನ್ನು ಮತ್ತೆ ತೆರೆದು ನೋಡಲು ಅವನಿಗೆ ಪುರುಸೊತ್ತಿರಲಿಲ್ಲ. ರಾತ್ರಿ ಆ ಹೆಸರಿಟ್ಟವನು ಅವನೇ, ಇನ್ನೂ ಮನೆಗೆ ಹೋಗಿರಲಿಲ್ಲ. ಲಿಟಿಯಾ ತಾನು ಕಂಡದ್ದನ್ನು ಹೇಳಿದಳು. ಇದು ಕುಡಿತದ್ದಲ್ಲ, ನಾವು ಕೊಟ್ಟ ಔಷಧಿಯನ್ನು ನಾವೇ ತಟ್ಟನೆ ಕಿತ್ತುಕೊಂಡದ್ದರ ಫಲ ಎಂದಳು. ಅವನು ಕುರ್ಚಿ ತಿರುಗಿಸಿ, ಬೆವರು, ನಡುಕ, ಎದೆಬಡಿತ, ಗೊಂದಲ ಎಲ್ಲ ಕುಡಿತ ತಪ್ಪಿದವರ ಲಕ್ಷಣ ಅಳೆಯುವ ನಮೂನೆಯಲ್ಲಿ ತುಂಬಿಸಿದ್ದೇನೆ, ಹತ್ತೊಂಬತ್ತು ಅಂಕ ಬಂದಿದೆ, ಅದು ಹೆಚ್ಚು ಎಂದ.

"ಆ ನಮೂನೆಗೆ ಬೆವರು ಬಂದಿದೆ ಅಂತ ಗೊತ್ತಾಗುತ್ತೆ. ಯಾಕೆ ಬಂತು ಅಂತ ಅದಕ್ಕೆ ಗೊತ್ತಿಲ್ಲ" ಎಂದಳು ಲಿಟಿಯಾ. "ಇವತ್ತಿಗೆ ಅವನು ಬಂದು ಹದಿನೈದನೇ ದಿನ. ಕುಡಿತ ತಪ್ಪಿದ ನಡುಕ ಎರಡನೇ ದಿನ ಬರುತ್ತೆ, ನಾಲ್ಕನೇ ದಿನ ಬರುತ್ತೆ. ಹದಿನೈದನೇ ದಿನ ಬರಬೇಕಾದ್ರೆ ನಾವೇ ಅವನ ಮೂಗಿನ ಟ್ಯೂಬಲ್ಲಿ ರಮ್ ಹೊಯ್ದಿರಬೇಕು. ಹೊಯ್ದಿದ್ದೀವಾ?"

ಕ್ಯಾಲಮ್ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಇಷ್ಟು ದಿನ ನಿದ್ದೆಯ ಔಷಧಿ ಆ ನಡುಕವನ್ನು ಮುಚ್ಚಿಟ್ಟಿತ್ತು, ಅದು ನಿಂತಕೂಡಲೇ ಹೊರಗೆ ಬಂತು ಎಂದ. ಅಷ್ಟು ಸುಳ್ಳೂ ಅಲ್ಲದ ಮಾತು. ಲಿಟಿಯಾ ಆರನೇ ಮಂಚದ ಕಡೆ ಕೈ ತೋರಿಸಿದಳು.

"ಹಾಗಾದ್ರೆ ಆಕಳಿಕೆ?"

"ರಾತ್ರಿಯೆಲ್ಲ ನಿದ್ದೆ ಇಲ್ಲ ಅವನಿಗೆ. ನಾನೂ ಬೆಳಗಿಂದ ಆಕಳಿಸ್ತಾ ಇದ್ದೀನಿ, ಲಿಟಿಯಾ."

"ನಿಮ್ಮ ತೋಳಿನ ರೋಮ ನೆಟ್ಟಗೆ ನಿಂತಿಲ್ಲ. ನಿಮ್ಮ ಮೂಗು ಸೋರ್ತಾ ಇಲ್ಲ. ನೀವು ನಿನ್ನೆಯಿಂದ ನಾಲ್ಕು ಸಲ ಹಾಸಿಗೆ ಕೆಡಿಸಿಕೊಂಡಿಲ್ಲ. ಕುಡುಕರನ್ನ ನಾನೂ ನೋಡಿದ್ದೀನಪ್ಪಾ, ನೀವು ಶಾಲೆಗೆ ಹೋಗೋ ಕಾಲದಿಂದ ನೋಡಿದ್ದೀನಿ. ಅವರು ನಡುಗ್ತಾರೆ, ಗೋಡೆ ಮೇಲೆ ಹುಳ ಹರಿಯುತ್ತೆ ಅಂತಾರೆ. ಏಳು ಸಲ ಆಕಳಿಸಲ್ಲ."

ಅವನು ತಾಳ್ಮೆಯಿಂದ ನಕ್ಕ. ಆ ನಗು ಅವಳನ್ನು ಇನ್ನಷ್ಟು ಸುಟ್ಟಿತು. ವಿತ್‌ಡ್ರಾವಲ್, ಅಂದರೆ ಒಗ್ಗಿದ್ದು ತಪ್ಪಿದಾಗಿನ ಕಾಟ, ಚಟ ಇರುವವರ ಪಾಡು, ನಾವು ಚಿಕಿತ್ಸೆಗೆಂದು ಕೊಟ್ಟದ್ದಕ್ಕೆ ಅಷ್ಟಾಗಿ ಆಗುವುದಿಲ್ಲ, ಆದರೂ ನಿಮ್ಮ ಸಮಾಧಾನಕ್ಕೆ ದೊಡ್ಡ ಡಾಕ್ಟರ್ ಟ್ರಾಂಟರ್ ಬಂದಾಗ ಹೇಳೋಣ, ಅಷ್ಟರಲ್ಲಿ ಕೊಳವೆ ಹಾಕುವ ಗಾಡಿಯನ್ನು ಆರನೇ ಮಂಚದ ಹತ್ತಿರ ಸಿದ್ಧವಾಗಿಡಿ ಎಂದ.

ಚಟ ಇರುವವರ ಪಾಡಂತೆ. ಮೈ ಚಟವನ್ನು ಯಾರ ಕೈಯಿಂದ ಕಲಿತರೇನು? ಡಾಕ್ಟರ ಸಹಿ ಇದ್ದರೆ ನರ ನಾಡಿಗಳು ಅದನ್ನು ಬೇರೆ ಲೆಕ್ಕಕ್ಕೆ ಹಿಡಿಯುತ್ತವೆಯೇ? ಲಿಟಿಯಾ ವಾಪಸು ಬರುತ್ತ ಹಲ್ಲು ಕಚ್ಚಿಕೊಂಡಿದ್ದಳು. ಎರಡನೇ ಸಲ ಕೊಳವೆ ನುಂಗಿದವರನ್ನು ಅವಳು ನೋಡಿದ್ದಳು. ಕೆಲವರಿಗೆ ಅದು ಮತ್ತೆ ಹೊರಬರಲು ತಿಂಗಳಾಗುತ್ತದೆ. ಮಳೆಗಾಲದ ಕೆಸರಿನ ಸೋಂಕಿನಿಂದ ಈಗಾಗಲೇ ಜರ್ಜರವಾದ ಶ್ವಾಸಕೋಶಗಳು ಇವನವು. ಸಮುದ್ರಕ್ಕೆ ಮುಳುಗಿ ಐದು ಮಕ್ಕಳನ್ನು ಸಾಕುವವನು ಕುತ್ತಿಗೆಯ ತೂತಿನಿಂದ ಉಸಿರಾಡುತ್ತ ಎಷ್ಟು ದಿನ ಇಲ್ಲಿ ಬಿದ್ದಿರಬೇಕು, ಅಷ್ಟರಲ್ಲಿ ಇನ್ನಾವ ಸೋಂಕು ಬಂದು ಹೊಡೆಯುತ್ತದೆ, ಯಾರಿಗೆ ಗೊತ್ತು. ಅದೂ ಯಾವ ತಪ್ಪಿಗೆ?

ಗಡಿಯಾರ ಎಂಟೂ ಮುಕ್ಕಾಲು ತೋರಿಸುತ್ತಿತ್ತು.

ಆ ಘಟಕದಲ್ಲಿ ರೋಗಿಗೊಂದು ದೊಡ್ಡ ಹಾಳೆ, ಮೇಜಿನಷ್ಟು ಅಗಲದ್ದು, ದಿನಕ್ಕೊಂದು. ಗಂಟೆ ಗಂಟೆಗೂ ಯಾವ ಪಂಪಿನಲ್ಲಿ ಎಷ್ಟು ಹೋಯಿತು ಎಂದು ಅದರಲ್ಲಿ ಬರೆಯುತ್ತಾರೆ. ಬೆಳಗಾದರೆ ಹೊಸ ಹಾಳೆ, ಹಳೆಯದು ನೀಲಿ ರಟ್ಟಿನ ಕಡತಕ್ಕೆ. ರೌಂಡ್ಸಿಗೆ ಬಂದವರು ಆ ದಿನದ ಹಾಳೆಯನ್ನೇ ನೋಡುತ್ತಾರೆ. ಇವತ್ತಿನ ಹಾಳೆಯಲ್ಲಿ ಫೆಂಟನಿಲ್ ಎದುರು ಸೊನ್ನೆ, ಮಿಡಜೋಲಮ್ ಎದುರು ಸೊನ್ನೆ. ಸೊನ್ನೆಯನ್ನು ನೋಡಿದವನಿಗೆ ಅದರ ಹಿಂದೆ ಏನಿತ್ತು ಎಂದು ಹೇಗೆ ತಿಳಿಯಬೇಕು? ಹದಿಮೂರು ದಿನದ್ದನ್ನು ಕೂಡಿಸಿ ನೋಡುವ ಕೆಲಸ ಆ ಘಟಕದಲ್ಲಿ ಯಾರದೂ ಆಗಿರಲಿಲ್ಲ.

ಲಿಟಿಯಾ ನೀಲಿ ಕಡತ ತಂದು, ವಾಗಿಯಾನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತಳು. ಎಡಗೈಯ ಪಟ್ಟಿ ಬಿಚ್ಚಿ, ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಅವನು ಎಳೆದಾಗ ಎಳೆಯಲು ಬಿಟ್ಟಳು. ಬಲಗೈಯಲ್ಲಿ ಪೆನ್ಸಿಲು ಹಿಡಿದು ಒಂದೊಂದೇ ಹಾಳೆಯ ಕೆಳಗೆ ಮೊತ್ತ ಬರೆಯತೊಡಗಿದಳು. ಐದನೇ ಹಾಳೆಯ ಹೊತ್ತಿಗೆ ಕೆಝಾಯ ಏನು ಮಾಡುತ್ತಿದ್ದೀ ಎಂದು ಕೇಳಿದಳು. ಲಿಟಿಯಾ ಮರೆಮಾಚದೆ ಹೇಳಿದಳು. ಈ ಕಾಟ ಬಾಟಲಿಯದಲ್ಲ ಅನ್ನಿಸುತ್ತಿದೆ, ನಮ್ಮದು ಅನ್ನಿಸುತ್ತಿದೆ, ನಿನ್ನೆ ಪಂಪು ನಿಲ್ಲಿಸಿದವಳು ನಾನೇ ಎಂದಳು.

ಕೆಝಾಯ ಗಾಜಿನ ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

"ಬೆಳಗಿನ ಜಾವ ಆ ಡಾಕ್ಟರು ನನ್ನ ಹೊರಗೆ ಕರೆದು ಕೇಳಿದ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹಾಗೆ ಕುಡೀತಾ ಇರಬಹುದು, ನಿಜ ಹೇಳಿದ್ರೆ ಅವನಿಗೇ ಒಳ್ಳೇದು ಅಂದ. ನಾನು ಇಲ್ಲ ಅಂದೆ. ಹೆಂಡತಿಯನ್ನ ಕೇಳಿ ನೋಡಿ ಅಂದ. ಲೇಯಾಗೆ ಫೋನ್ ಮಾಡಿದೆ. ಅವಳು ಎದ್ದು ಕಪಾಟು ಹುಡುಕಿದಳು. ದೋಣಿ ಒಬ್ಬಳೇ ಹುಡುಕೋಕಾಗಲ್ಲ ಅಂತ ಚರ್ಚಿನ ಹಿರಿಯರನ್ನ ಕರೆದಳು. ಬೆಳಕು ಹರಿಯೋ ಹೊತ್ತಿಗೆ ನಾಲ್ಕು ಜನ ಅವನ ದೋಣಿಯ ಹಲಗೆ ಎಬ್ಬಿಸಿ ಬಾಟಲಿ ಹುಡುಕಿದಾರೆ, ತಂಗಿ. ಊರೆಲ್ಲ ನೋಡ್ತಾ ನಿಂತಿತ್ತಂತೆ."

"ಸಿಕ್ತಾ?"

"ಇದ್ರೆ ತಾನೆ ಸಿಗೋದು? ಸಿಗದಿದ್ದಕ್ಕೆ ಲೇಯಾ ಏನಂದಳು ಗೊತ್ತಾ? ಎಲ್ಲೋ ದೂರದಲ್ಲಿ ಬಚ್ಚಿಟ್ಟಿರಬೇಕು ಅಂದಳು."

ಲಿಟಿಯಾಳ ಪೆನ್ಸಿಲಿನ ಮೊನೆ ಮುರಿಯಿತು. ಇನ್ನೊಂದು ತೆಗೆದುಕೊಂಡಳು. ಎದ್ದು ಹೋಗಿ ಕ್ಯಾಲಮ್‌ನ ಕಾಲರು ಹಿಡಿದು ಇಲ್ಲಿಗೆ ಎಳೆದುತರಬೇಕೆಂದು ಅನ್ನಿಸಿದ್ದನ್ನು ಅಂಕಿಗಳ ಮೇಲೆ ಹಾಕಿ ಕೂಡಿಸುತ್ತ ಹೋದಳು. ಕಡತದ ತಳದಲ್ಲಿ, ಎಲ್ಲಕ್ಕಿಂತ ಮೊದಲನೆಯ ದಿನದ ಕಾಗದ ಸಿಕ್ಕಿತು. ವಿಮಾನದಿಂದ ಇಳಿಸಿದಾಗ ಯಾರೋ ಅವಸರದಲ್ಲಿ ಗೀಚಿದ್ದು. ಜ್ವರ ನಲವತ್ತು, ಮೈ ಅದುರುತ್ತಿದೆ, ಮಾತು ತೊದಲು, ಬಾಡು ದ್ವೀಪದವನು, ಕುಡಿತವೂ ಇರಬಹುದು. ಇರಬಹುದು. ಮಾರನೆಯ ದಿನ ನಕಲು ಮಾಡಿದವರ ಕೈಯಲ್ಲಿ ಅದು ಕುಡಿತ ಇದೆ ಎಂದಾಯಿತು. ಮೂರನೆಯ ದಿನದಿಂದ ಹೆಚ್ಚು ಕುಡಿತ. ಹನ್ನೆರಡು ದಿನ, ಇಪ್ಪತ್ತನಾಲ್ಕು ಪಾಳಿ, ಅಷ್ಟೂ ಜನ ಅದನ್ನು ಓದಿ ತಲೆಯಾಡಿಸಿದ್ದರು. ಲಿಟಿಯಾಳ ಸಹಿಯೂ ಅವುಗಳ ಕೆಳಗಿತ್ತು. ಬಂದ ದಿನದ ರಕ್ತಪರೀಕ್ಷೆಯಲ್ಲಿ ಮದ್ಯದ ಅಂಶ ಇಲ್ಲವೆಂದೂ, ಪಿತ್ತಜನಕಾಂಗ ಚೆನ್ನಾಗಿದೆಯೆಂದೂ ಅದೇ ಕಡತದಲ್ಲಿತ್ತು. ಅದನ್ನು ಯಾರೂ ನಕಲು ಮಾಡಿರಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಅವಳು ಹದಿಮೂರು ಹಾಳೆಗಳನ್ನೂ ಗಾಯಕ್ಕೆ ಅಂಟಿಸುವ ಪಟ್ಟಿಯಿಂದ ಗಾಜಿನ ಗೋಡೆಗೆ ಸಾಲಾಗಿ ಅಂಟಿಸಿದಳು. ಪಕ್ಕದ ಮಂಚದ ನರ್ಸ್ ಬಾಯಿಬಿಟ್ಟು ನೋಡಿದಳು. ಇದೇನು ಶಾಲೆಯ ವಾರ್ಷಿಕೋತ್ಸವವೇ ಎಂದು ಕ್ಯಾಲಮ್ ಕೇಳಿದ. ಹೌದು, ಬಹುಮಾನ ವಿತರಣೆ ಇದೆ, ನಿಮಗೂ ಒಂದು ಇಟ್ಟಿದ್ದೇನೆ ಎಂದಳು ಲಿಟಿಯಾ, ತಿರುಗಿಯೂ ನೋಡದೆ.

ಡಾಕ್ಟರ್ ಇಸೊಬೆಲ್ ಟ್ರಾಂಟರ್ ಕನ್ನಡಕ ಹಣೆಗೇರಿಸಿಕೊಂಡು ಬಂದರು. ಘಟಕಕ್ಕೆಲ್ಲ ಅವರದೇ ಕೊನೆಯ ಮಾತು. ಕ್ಯಾಲಮ್ ತನ್ನ ವರದಿಯನ್ನು ಒಪ್ಪಿಸಿದ. ಕುಡಿತದ ಚರಿತ್ರೆ, ಹತ್ತೊಂಬತ್ತು ಅಂಕ, ಡಯಾಜಿಪಾಮಿಗೆ ಜಗ್ಗಲಿಲ್ಲ, ಉಸಿರು ನಿಮಿಷಕ್ಕೆ ಮೂವತ್ತಾರು, ಕೊಳವೆ ಹಾಕಲು ಎಲ್ಲ ಸಿದ್ಧ. ಟ್ರಾಂಟರ್ ತಲೆಯಾಡಿಸುತ್ತ ಕೈಗವಸಿಗೆ ಕೈ ಚಾಚಿದ್ದರು.

"ಕೈಗವಸು ಹಾಕಿಕೊಳ್ಳೋ ಮುಂಚೆ ಈ ಗೋಡೆ ಓದಿ, ಡಾಕ್ಟರ್" ಎಂದಳು ಲಿಟಿಯಾ. ದನಿ ಎತ್ತರವಿರಲಿಲ್ಲ, ಆದರೆ ಅಕ್ಕಪಕ್ಕದ ಎರಡು ಮಂಚದವರೂ ತಿರುಗಿ ನೋಡಿದರು. "ಮುರಿದ ಕೈ ಕೂರಿಸುವಾಗ ಒಬ್ಬ ಗಂಡಸಿಗೆ ಎಷ್ಟು ಫೆಂಟನಿಲ್ ಕೊಡ್ತೀವೋ, ಅಂಥ ನಾನೂರ ಅರವತ್ತೆಂಟು ಸಲದಷ್ಟು ಇವನಿಗೆ ಹದಿಮೂರು ದಿನದಲ್ಲಿ ಹೋಗಿದೆ. ನಾನು ಎರಡು ಸಲ ಕೂಡಿಸಿ ನೋಡಿದ್ದೀನಿ. ನಿನ್ನೆ ಹತ್ತು ಗಂಟೆಗೆ ಅದು ಸೊನ್ನೆ. ಗುಂಡಿ ಒತ್ತಿದವಳು ನಾನು, ಬರೆದುಕೊಳ್ಳಿ ನನ್ನ ಹೆಸರನ್ನ. ಆದ್ರೆ ಅದಕ್ಕೆ ಇವನ ಗಂಟಲಿಗೆ ಶಿಕ್ಷೆ ಬೇಡ."

ಟ್ರಾಂಟರ್ ಕನ್ನಡಕ ಇಳಿಸಿ ಗೋಡೆಯುದ್ದಕ್ಕೂ ನಡೆದರು. ಹೊಸ ಸೋಂಕಾಗಿದ್ದರೆ ಎಂದು ಕೇಳಿದರು. ಲಿಟಿಯಾ ಉತ್ತರ ಇಟ್ಟುಕೊಂಡಿದ್ದಳು: ಜ್ವರ ಮೂವತ್ತೇಳು ಮುಕ್ಕಾಲಿನ ಮೇಲೆ ಹೋಗಿಲ್ಲ, ಬಿಳಿ ರಕ್ತಕಣ ನಿನ್ನೆಗಿಂತ ಕಡಿಮೆ, ಎಕ್ಸ್‌ರೇ ನಿನ್ನೆಯದಕ್ಕಿಂತ ಶುಭ್ರ, ಆದರೂ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದಾಗಿದೆ. ಐಸಿಯುವಿನಲ್ಲಿ ಎಷ್ಟೋ ಜನಕ್ಕೆ ಬರುವ ಬರಿಯ ಬುದ್ಧಿಭ್ರಮೆ ಆಗಿದ್ದರೆ ಎಂದರು. ಭ್ರಮೆಗೆ ಹೊಟ್ಟೆ ಕೆಡುತ್ತದೆಯೇ, ಪಾಪೆ ಅಗಲವಾಗುತ್ತದೆಯೇ ಎಂದು ಅವಳು ಕೇಳಿದಳು. ಟ್ರಾಂಟರ್ ಮಂಚದ ಹತ್ತಿರ ಹೋಗಿ ವಾಗಿಯಾನ ತೋಳನ್ನು ಬರಿಗೈಯಿಂದ ಸವರಿದರು. ಆಮೇಲೆ ಬಗ್ಗಿ, ಆ ಹೊತ್ತಿನವರೆಗೆ ಯಾರೂ ಮಾಡದ ಒಂದು ಕೆಲಸ ಮಾಡಿದರು. ಅವನನ್ನೇ ಕೇಳಿದರು.

"ವಾಗಿಯಾ, ಏನಾಗ್ತಾ ಇದೆ ನಿಮಗೆ? ಎಲ್ಲಿ ನೋವು?"

ಅವನ ಕಣ್ಣು ಅವರ ಮುಖದ ಮೇಲೆ ನಿಲ್ಲಲು ಹೆಣಗಿತು. ಹಲ್ಲು ಕಟಕಟಿಸುತ್ತಿತ್ತು. "ಮೂಳೆ" ಎಂದ. "ಮೂಳೆ ಒಳಗೆ... ಇರುವೆ. ಹೊಟ್ಟೆ ಹಿಂಡ್ತಾ ಇದೆ." ಮತ್ತೊಂದು ಆಕಳಿಕೆ ಅವನ ಮಾತನ್ನು ನುಂಗಿತು. ಅದು ಮುಗಿದ ಮೇಲೆ, "ನಾನು ಯಾರಿಗಾದ್ರೂ ಹೊಡೆದ್ನಾ?" ಎಂದು ಕೇಳಿದ.

ಟ್ರಾಂಟರ್ ನೆಟ್ಟಗಾದರು. ನಿಲ್ಲಿಸಿದ್ದರಲ್ಲಿ ಸಣ್ಣದೊಂದು ಪಾಲು ಫೆಂಟನಿಲ್ ಕೊಡಿ, ನಾನು ಇಲ್ಲೇ ನಿಂತಿರುತ್ತೇನೆ ಎಂದರು. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಅಥವಾ ಉಸಿರು ಇನ್ನೂ ಸೋತರೆ ಕೊಳವೆ ಹಾಕಲೇಬೇಕು, ಆಗ ವಾದವಿಲ್ಲ ಎಂದರು. ಲಿಟಿಯಾ ಒಪ್ಪಿದಳು. ಸಿರಿಂಜಿಗೆ ಔಷಧಿ ಎಳೆದು ಅಳತೆಯನ್ನು ಎರಡು ಸಲ ನೋಡಿಕೊಂಡಳು. ತನ್ನ ಊಹೆ ತಪ್ಪಿದ್ದರೆ ಏನಾಗುತ್ತದೆ ಎಂದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ದಣಿದ ಉಸಿರಿಗೆ ಇದೇ ಔಷಧಿ ಕೊನೆಯ ಏಟೂ ಆಗಬಹುದಿತ್ತು.

ಹನ್ನೊಂದು ಇಪ್ಪತ್ತೆರಡಕ್ಕೆ ಕೊಟ್ಟಳು. ಐದು ನಿಮಿಷ ಏನೂ ಇಲ್ಲ. ಕ್ಯಾಲಮ್ ಕೊಳವೆಯ ಗಾಡಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಏಳನೇ ನಿಮಿಷಕ್ಕೆ ಒದೆಯುತ್ತಿದ್ದ ಕಾಲುಗಳು ನಿಂತವು. ಎದೆಬಡಿತ ನೂರ ಇಪ್ಪತ್ತು, ನೂರ ಹತ್ತು. ಟ್ರಾಂಟರ್ ಇನ್ನೊಂದು ಚೂರು ಕೊಡಿ ಎಂದರು. ಇಪ್ಪತ್ತನೇ ನಿಮಿಷಕ್ಕೆ ನೂರ ನಾಲ್ಕು, ಉಸಿರು ಇಪ್ಪತ್ತೆರಡು. ಮೊಣಕಾಲುಗಳು ಹೊಟ್ಟೆಯಿಂದ ದೂರ ಸರಿದು ಹಾಸಿಗೆಯ ಮೇಲೆ ಚಾಚಿಕೊಂಡವು. ಲಿಟಿಯಾ ತೋಳು ಸವರಿದಳು. ಚರ್ಮ ನುಣ್ಣಗಿತ್ತು. ಬಲಗೈಯ ಪಟ್ಟಿಯನ್ನೂ ಬಿಚ್ಚಿದಳು. ಕೆಝಾಯ ಎದ್ದು ಬಂದು, ಗೋಡೆಗೆ ಸರಿಸಿದ್ದ ಕುರ್ಚಿಯನ್ನು ಎಳೆದು ತಮ್ಮನ ತಲೆಯ ಹತ್ತಿರ ಹಾಕಿಕೊಂಡಳು.

ಗಾಡಿ ಹಿಂದಕ್ಕೆ ಹೋಯಿತು. ಟ್ರಾಂಟರ್ ಹೊಸ ಆದೇಶ ಬರೆದರು. ಎರಡೂ ಔಷಧಿಯನ್ನು ಸಣ್ಣಗೆ ಮತ್ತೆ ಶುರುಮಾಡುವುದು, ದಿನಕ್ಕಿಷ್ಟು ಎಂದು ಹತ್ತು ದಿನದಲ್ಲಿ ಇಳಿಸುವುದು. ಇನ್ನುಮುಂದೆ ಐದು ದಿನ ದಾಟಿದ ಯಾರ ಕಂಬವನ್ನೂ ಒಂದೇ ಸಲ ಖಾಲಿ ಮಾಡಕೂಡದು, ಮುಂದಿನ ವಾರದ ಸಭೆಯಲ್ಲಿ ಮಾತಾಡೋಣ ಎಂದರು. ಸಭೆಯಲ್ಲಿ ಮಾತಾಡುವುದು ಸರಿ, ಕಡತದಲ್ಲಿರುವ ಕುಡಿತವನ್ನು ಇವತ್ತೇ ತೆಗೆಯಿರಿ ಎಂದಳು ಲಿಟಿಯಾ. ಬರೆದದ್ದನ್ನು ಅಳಿಸಲು ಬರುವುದಿಲ್ಲ, ಅದು ತಪ್ಪೆಂದು ಕೆಳಗೆ ಇನ್ನೊಂದು ಸಾಲು ಸೇರಿಸಬಹುದು ಅಷ್ಟೆ ಎಂದರು ಅವರು. ಹಾಗಾದರೆ ಸೇರಿಸಿ, ದೊಡ್ಡಕ್ಷರದಲ್ಲಿ ಎಂದಳು. ಅವರು ಅವಳೆದುರೇ ಬರೆದರು. ಅವಳ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಮೇಲಿನ ಸಾಲನ್ನು ಓದಿ ಕೆಳಗಿನದನ್ನು ಬಿಡುವವರು ಎಷ್ಟು ಜನ ಎಂದು ಅವಳಿಗೆ ಗೊತ್ತಿತ್ತು.

ಎಲ್ಲರೂ ಮುಂದಿನ ಮಂಚಕ್ಕೆ ಹೋದ ಮೇಲೆ ಕ್ಯಾಲಮ್ ಹಿಂದೆ ಉಳಿದ. ಮುಖ ಕೆಂಪಗಾಗಿತ್ತು. ತಾನು ಕೇಳಿಸಿಕೊಳ್ಳಬೇಕಿತ್ತು, ತಪ್ಪಾಯಿತು ಎಂದು ಲಿಟಿಯಾಳಿಗೆ ಹೇಳಿದ.

"ನನಗ್ಯಾಕೆ ಹೇಳ್ತೀರಾ?" ಎಂದಳು ಅವಳು. "ನನಗೇನಾಗಿತ್ತು?"

ಅವನು ಕೆಝಾಯಳ ಕಡೆ ತಿರುಗಿ ಅದನ್ನೇ ಮತ್ತೆ ಹೇಳಿದ. ಕೆಝಾಯ ತಮ್ಮನ ಬೆರಳುಗಳನ್ನು ತನ್ನ ಬೆರಳಲ್ಲಿ ಹೆಣೆದುಕೊಂಡು ಕೂತಿದ್ದಳು. ಅವಳು ಅವನ ಮೇಲೆ ಕೂಗಾಡಲಿಲ್ಲ. ಬ್ಯಾಗಿನಿಂದ ಫೋನು ತೆಗೆದು, ಒಂದು ಹೆಸರು ಒತ್ತಿ, ಅವನ ಕೈಗೆ ಕೊಟ್ಟಳು.

"ಬೆಳಗಿನ ಜಾವ ನೀನು ಹೇಳಿದ್ದನ್ನ ನನ್ನ ಬಾಯಲ್ಲಿ ಹೇಳಿಸಿದೆ. ಈಗ ನಿನ್ನ ಬಾಯಲ್ಲೇ ಹೇಳು. ಅವಳ ಹೆಸರು ಲೇಯಾ. ಜೋರಾಗಿ ಕೇಳೋ ಹಾಗಿಡು, ನಾನೂ ಕೇಳ್ಬೇಕು."

ಫೋನು ಎರಡು ಸಲ ರಿಂಗಾಗುವಷ್ಟರಲ್ಲಿ ಲೇಯಾ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ, ಯಾರದೋ ದೋಣಿಯ ಮೋಟಾರಿನ ಸದ್ದು. ಕ್ಯಾಲಮ್ ತಾನು ಯಾರೆಂದು ಹೇಳಿದ. ನಿಮ್ಮ ಗಂಡ ಸುಧಾರಿಸುತ್ತಿದ್ದಾರೆ ಎಂದ. ಆಮೇಲೆ, ಅದು ಕುಡಿತದಿಂದ ಆದದ್ದಲ್ಲ, ಆಸ್ಪತ್ರೆ ಕೊಟ್ಟ ಔಷಧಿಯನ್ನು ಆಸ್ಪತ್ರೆಯೇ ತಟ್ಟನೆ ನಿಲ್ಲಿಸಿದ್ದರಿಂದ ಆದದ್ದು, ಅವರು ಕುಡಿಯುತ್ತಿದ್ದರು ಅನ್ನುವುದಕ್ಕೆ ನಮ್ಮ ಹತ್ತಿರ ಯಾವ ಆಧಾರವೂ ಇರಲಿಲ್ಲ, ಆ ತಪ್ಪು ನನ್ನದು ಎಂದ. ಆ ಕಡೆ ಮೋಟಾರಿನ ಸದ್ದು ದೂರವಾಗುತ್ತ ಹೋಯಿತು. ಲೇಯಾ ಅಳುತ್ತಾಳೆಂದು ಲಿಟಿಯಾ ಕಾದಳು. ಅವಳು ಅಳಲಿಲ್ಲ.

"ಒಂದು ಪೆನ್ನು ತಗೊಳ್ಳಿ ಡಾಕ್ಟರೇ" ಎಂದಿತು ಫೋನಿನ ದನಿ, ಒಣಗಿದ ಹಗ್ಗದ ಹಾಗೆ ಬಿಗಿಯಾಗಿ. "ದೋಣಿ ಹುಡುಕಿದವರು ನಾಲ್ಕು ಜನ ಇದ್ದಾರೆ. ಅವರು ಇವತ್ತು ಸಂಜೆ ಪ್ರಾರ್ಥನೆಗೆ ಸೇರೋದ್ರೊಳಗೆ ನಾಲ್ವರಿಗೂ ಇದೇ ಮಾತು ಹೇಳಿ, ಒಂದಕ್ಷರ ಬಿಡದೆ. ನಾನು ನಂಬರು ಹೇಳ್ತೀನಿ. ಬರ್ಕೊಳ್ಳಿ."

ಕ್ಯಾಲಮ್ ಜೇಬು ತಡಕಿದ. ಲಿಟಿಯಾ ತನ್ನ ಪೆನ್ಸಿಲನ್ನು ಅವನತ್ತ ಚಾಚಿದಳು. ಅವನು ಕಾಗದ ಹುಡುಕುವಷ್ಟರಲ್ಲಿ ಲೇಯಾ ಮೊದಲನೆಯ ನಂಬರು ಹೇಳಲು ಶುರುಮಾಡಿಯಾಗಿತ್ತು.